ತುಕ್ಕು ಕಂಡರೆ ಒಳ್ಳೆಯದು!

ಹಳೇ ಮರದ ಹಾಯಿದೋಣಿ ರಿಪೇರಿ ಮಾಡುವವರಲ್ಲಿ ಒಂದು ವಾದ ಇದೆ: ಹಾಯಿಕಂಬವನ್ನು ಹಿಡಿದಿಡುವ ತಂತಿಹಗ್ಗ ಗ್ಯಾಲ್ವನೈಸ್ಡ್ ಇರಬೇಕಾ, ಸ್ಟೇನ್‌ಲೆಸ್ ಸ್ಟೀಲಾ? ನಾವಾದ್ರೆ ಕಣ್ಣು ಮುಚ್ಚಿ ಸ್ಟೇನ್‌ಲೆಸ್ ಅಂತೀವಿ. ನನ್ನ ಓಟು ಗ್ಯಾಲ್ವನೈಸ್ಡ್‌ಗೆ.

ಸತುವಿನ ಲೇಪ ಸವೆದರೆ ತುಕ್ಕು ಕಾಣುತ್ತೆ, ತಂತಿ ಬದಲಾಯಿಸಬಹುದು. ಸ್ಟೇನ್‌ಲೆಸ್ ಹೊರಗೆ ಹೊಳೀತಿದ್ರೂ, ತುದಿಯ ಫಿಟ್ಟಿಂಗ್ ಒಳಗೆ ಉಪ್ಪುನೀರು ನಿಂತು ಬಿರುಕು ಬಿಟ್ಟಿರಬಹುದು. ಕೆಲವೊಮ್ಮೆ ಅದು ಗೊತ್ತಾಗೋದು ಕಂಬ ಬಿದ್ದಾಗಲೇ! ಇನ್ನು, ಗಟ್ಟಿ ತಂತಿ ಇದೆ ಅಂತ ವೀಣೆ ತಂತಿ ಥರ ಬಿಗಿದ್ರೆ, ಕಂಬ ದೋಣಿಯ ತಳವನ್ನು ಕೆಳಗೆ ಒತ್ತುತ್ತೆ, ತಂತಿಗಳು ಎರಡೂ ಪಕ್ಕಗಳನ್ನು ಮೇಲಕ್ಕೆ ಎಳೀತವೆ. ಹಲಗೆಗಳ ಸಂದು ಬಿಟ್ಟು ನೀರು ಒಳಗೆ ಬರುತ್ತೆ. ತಂತಿ ಪಾಸ್, ದೋಣಿ ಫೇಲ್.

ಹೌದು, ಗ್ಯಾಲ್ವನೈಸ್ಡ್‌ಗೆ ಆಗಾಗ ಎಣ್ಣೆ ಹಚ್ಚಬೇಕು. ಆ ನೆಪದಲ್ಲಾದರೂ ಯಾರೋ ಕಂಬ ಹತ್ತಿ ನೋಡ್ತಾರಲ್ಲ! 1925ರಲ್ಲಿ ಮೊದಲ ಫಾಸ್ಟ್‌ನೆಟ್ ರೇಸ್ ಗೆದ್ದ 'ಜೋಲಿ ಬ್ರೀಜ್' ಹುಟ್ಟಿದ್ದು 1913ರಲ್ಲಿ. ಅದಿನ್ನೂ ಓಡ್ತಿದೆ, ಏಕೆಂದರೆ ಇಂಗ್ಲೆಂಡಿನ ಶಾಲಾ ಮಕ್ಕಳು ಪ್ರತಿ ಚಳಿಗಾಲದಲ್ಲೂ ಅದನ್ನು ಉಜ್ಜಿ, ಬಣ್ಣ ಹಚ್ಚಿ ನೋಡಿಕೊಳ್ತಾರೆ.

ಎಲ್ಲದಕ್ಕೂ 'ಮೆಂಟೆನೆನ್ಸ್ ಫ್ರೀ' ಹುಡುಕುವ ನಾವು ಒಂದು ಕೇಳ್ಕೋಬೇಕು: ಕೆಡುವ ಮುಂಚೆ ಅದು ನಮಗೆ ಹೇಳುತ್ತಾ?