ಗಾಲ್ಫ್ ಸಾಹುಕಾರರ ಜಗಳ, ರಾಜಿ ಮತ್ತು ಬ್ಯಾಗ್ ಹೊರುವವರ ಪಾಲು

ಗೆಳೆಯರೇ, ಇವತ್ತು ಗಾಲ್ಫ್ ಬಗ್ಗೆ ಬರೀತಿದೀನಿ. ನಗಬೇಡಿ. ಭೂಮಿ, ಒಳಮೀಸಲಾತಿ, ಸ್ಮಶಾನದ ದಾರಿ ಅಂತ ಬರೆಯೋನಿಗೆ ಇದೇನು ಬಂತು ಅಂತ ಕೆಲವರು ಕಾಮೆಂಟ್ ಹಾಕ್ತೀರಿ ಅಂತ ಗೊತ್ತು. ಪೂರ್ತಿ ಓದಿ, ಆಮೇಲೆ ಹಾಕಿ.

ನಮ್ಮಕ್ಕನ ಮಗ ಆಲೂರು ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ಪಿಯುಸಿ ಫೇಲಾಗಿ ಬೆಂಗಳೂರಿಗೆ ಹೋದ. ಈಗ ಅಲ್ಲೊಂದು ಗಾಲ್ಫ್ ಕೋರ್ಸ್‌ನಲ್ಲಿ ಕ್ಯಾಡಿ. ಅಂದ್ರೆ ಆಡೋರ ಬ್ಯಾಗ್ ಹೊತ್ತುಕೊಂಡು, ಚೆಂಡು ಎಲ್ಲಿ ಬಿತ್ತು ಅಂತ ಹುಡುಕಿ, ಯಾವ ಕೋಲು ತಗೋಬೇಕು ಅಂತ ಹೇಳಿಕೊಟ್ಟು ಹದಿನೆಂಟು ಹೋಲ್ ಸುತ್ತೋ ಕೆಲಸ. ತಿಂಗಳ ಸಂಬಳ ಇಲ್ಲ, ರೌಂಡಿಗೆ ಇಷ್ಟು ಅಂತ. ಮಳೆ ಬಂದು ಆಟ ನಿಂತರೆ ಅವತ್ತಿನ ಕೂಲಿಯೂ ನಿಂತ ಹಾಗೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಹೋದ ಸಲ ಊರಿಗೆ ಬಂದಾಗ ಕೇಳಿದ: "ಮಾವ, ನಮ್ಮ ದೇಶದಲ್ಲೂ ಈಗ ಎರಡೆರಡು ಗಾಲ್ಫ್ ಲೀಗ್ ಬಂದಿದಾವೆ. ಅಮೆರಿಕದಲ್ಲಿ ಕಿತ್ತಾಡಿ ಆಮೇಲೆ ಒಂದಾಗ್ತೀವಿ ಅಂದ್ರಂತಲ್ಲ. ಇಲ್ಲೂ ಹಂಗೇ ಆದ್ರೆ ನಮಗೇನಾದ್ರೂ ಸಿಗುತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಓದಿಕೊಂಡೆ. ಓದ್ತಾ ಓದ್ತಾ ಇದು ನಮ್ಮ ಸಕಲೇಶಪುರದ ತೋಟಗಳ ಕಥೆಯೇ ಅನ್ನಿಸಿತು.

ಅಮೆರಿಕದ ಪಿಜಿಎ ಟೂರ್ ಅನ್ನೋದು ಗಾಲ್ಫ್ ಜಗತ್ತಿನ ದೊಡ್ಡ ಮನೆ. 2022ರಲ್ಲಿ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯ ದುಡ್ಡಲ್ಲಿ ಲಿವ್ ಗಾಲ್ಫ್ ಅಂತ ಇನ್ನೊಂದು ಲೀಗ್ ಎದ್ದಿತು. 48 ಆಟಗಾರರು, ಮೂರೇ ದಿನದ ಆಟ, ಒಂದೊಂದು ಟೂರ್ನಿಗೆ 2.5 ಕೋಟಿ ಡಾಲರ್ ಬಹುಮಾನ. ಕಟ್ಟಕಡೆಗೆ ಬಂದವನಿಗೂ 1,20,000 ಡಾಲರ್, ಅಂದ್ರೆ ಆಗಿನ ಲೆಕ್ಕದಲ್ಲಿ 90 ಲಕ್ಷ ರೂಪಾಯಿಗೂ ಹೆಚ್ಚು. ಹೆಸರು ಮಾಡಿದವರು ಸಾಲುಸಾಲಾಗಿ ಆ ಕಡೆ ಹಾರಿದರು. ನಮ್ಮ ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಆ ವರ್ಷ ಮಾರ್ಚಿನಲ್ಲಿ ಪಿಜಿಎ ಟೂರ್‌ನ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ ಪಡೆದಿದ್ದರು. ಆಗಸ್ಟ್ ಹೊತ್ತಿಗೆ ಅವರೂ ಲಿವ್ ಸೇರಿದರು. ಅವರನ್ನು ದೂರಲ್ಲ, ದುಡಿಯೋನು ಹೆಚ್ಚು ಕೊಡೋ ಕಡೆ ಹೋಗ್ತಾನೆ.

ಪಿಜಿಎ ಟೂರ್ ಏನು ಮಾಡಿತು? ಲಿವ್‌ನ ಮೊದಲ ಟೂರ್ನಿ ಶುರುವಾದ ದಿನವೇ 17 ಆಟಗಾರರನ್ನು ಅಮಾನತು ಮಾಡಿತು. ಪತ್ರಿಕೆಗಳು ಇದನ್ನು 'ಬಹಿಷ್ಕಾರ' ಅಂತ ಬರೆದವು. ಆ ಪದ ಓದಿ ನನಗೆ ಒಂದು ಕ್ಷಣ ಹೊಟ್ಟೆ ತೊಳಸಿದ ಹಾಗಾಯ್ತು. ಬಹಿಷ್ಕಾರ ಅಂದ್ರೆ ಏನು ಅಂತ ನಮ್ಮ ಕೇರಿಗಳನ್ನ ಕೇಳಿ. ಅಂಗಡೀಲಿ ಬೆಂಕಿಪೊಟ್ಟಣ ಕೊಡಲ್ಲ, ಹಾಲು ಹಾಕಿಸ್ಕೊಳ್ಳಲ್ಲ, ಕೂಲಿಗೆ ಕರೆಯಲ್ಲ. ಖಾಸಗಿ ವಿಮಾನದಲ್ಲಿ ಓಡಾಡೋರಿಗೆ ಆದದ್ದು ಅದಲ್ಲ.

ಸೌದಿ ದುಡ್ಡು ರಕ್ತದ ದುಡ್ಡು ಅಂತ ಟೂರ್‌ನವರು ಒಂದು ವರ್ಷ ಪ್ರವಚನ ಮಾಡಿದರು. ಜಮಾಲ್ ಖಶೋಗ್ಗಿ ಕೊಲೆ, 9/11ರಲ್ಲಿ ಸತ್ತವರ ಕುಟುಂಬಗಳ ನೋವು ಎಲ್ಲ ನೆನಪಾಯ್ತು. ಆ ಪ್ರಶ್ನೆಗಳು ಸುಳ್ಳಲ್ಲ. ಆದ್ರೆ 2023ರ ಜೂನ್ 6ಕ್ಕೆ ಅದೇ ಟೂರ್‌ನ ಕಮಿಷನರ್ ಜೇ ಮೊನಹನ್, ಸೌದಿ ನಿಧಿಯ ಮುಖ್ಯಸ್ಥ ಯಾಸಿರ್ ಅಲ್ ರುಮಯ್ಯಾನ್ ಇಬ್ಬರೂ ಒಟ್ಟಿಗೆ ಟಿವೀಲಿ ಕೂತು 'ನಾವು ಒಂದಾಗ್ತೀವಿ' ಅಂದರು. ಕೋರ್ಟ್ ಕೇಸುಗಳೆಲ್ಲ ವಾಪಸ್. ಆಟಗಾರರಿಗೇ ಈ ಮಾತುಕತೆ ಗೊತ್ತಿರಲಿಲ್ಲ, ಬಹಳ ಜನ ಸುದ್ದಿ ನೋಡಿ ತಿಳ್ಕೊಂಡರು. ಆಟಗಾರರಿಗೇ ಹೇಳದವರು ಕ್ಯಾಡಿಗಳಿಗೆ ಹೇಳ್ತಾರಾ?

ದೊಡ್ಡವರ ತಪ್ಪು ಹೀಗೇ ಸಕ್ರಮ ಆಗೋದು. ನಮ್ಮ ಜಿಲ್ಲೇಲೂ ಸರ್ಕಾರಿ ಜಾಗ ಒತ್ತುವರಿ ಮಾಡಿದ ತೋಟದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋ ಹಾಗೆ ಕಾನೂನು ತಿದ್ದಿದರಲ್ಲ, ಹಂಗೆ. ಲೈನ್ ಮನೆಯವನು ಎರಡು ಗುಂಟೆ ಕೇಳಿದರೆ ಮಾತ್ರ ಸರ್ವೆ ನಂಬರ್ ಸಿಗಲ್ಲ.

ಆ ವಿಲೀನಕ್ಕೆ 2023ರ ಡಿಸೆಂಬರ್ 31 ಗಡುವು ಇತ್ತು. ದಾಟಿ ಹೋಯ್ತು. 2025ರ ಫೆಬ್ರವರಿಯಲ್ಲಿ ಟ್ರಂಪ್ ಸಾಹೇಬರು ವೈಟ್ ಹೌಸಿಗೇ ಕರೆಸಿ ಕೂರಿಸಿದರೂ ಕೈಗೂಡಲಿಲ್ಲ. ಆದ್ರೆ ದೊಡ್ಡ ಆಟಗಾರರಿಗೆ ಬಾಗಿಲು ತೆರೀತು. 2026ರ ಜನವರಿಯಲ್ಲಿ ಬ್ರೂಕ್ಸ್ ಕೆಪ್ಕಾ ಲಿವ್ ಬಿಟ್ಟು ವಾಪಸ್ ಬಂದಾಗ ಟೂರ್ ಹಾಕಿದ ಷರತ್ತಿನಲ್ಲಿ ಒಂದು, 50 ಲಕ್ಷ ಡಾಲರ್ ದಾನ ಕೊಡಬೇಕು ಅನ್ನೋದು. ನಮ್ಮ ಕಡೆ ಹಿಂದೆ ದಂಡ ಕಟ್ಟಿಸ್ಕೊಂಡು ಕುಲಕ್ಕೆ ಸೇರಿಸ್ಕೊಳ್ತಿದ್ದರಲ್ಲ, ಅಪ್ಪಟ ಅದೇ. ದಂಡ ಕಟ್ಟೋ ಶಕ್ತಿ ಇದ್ದೋನು ಕುಲ ಸೇರ್ತಾನೆ.

ಈ ಕುಲ ಅನ್ನೋ ಮಾತು ಸುಮ್ಮನೆ ಬಂದಿದ್ದಲ್ಲ. ಪಿಜಿಎ ಟೂರ್ 1968ರಲ್ಲಿ ಯಾವ ಸಂಸ್ಥೆಯಿಂದ ಒಡೆದು ಹೊರಬಂತೋ, ಆ ಪಿಜಿಎ ಆಫ್ ಅಮೆರಿಕದ ನಿಯಮಾವಳಿಯಲ್ಲಿ 1961ರವರೆಗೂ 'ಬಿಳಿಯರಿಗೆ ಮಾತ್ರ ಸದಸ್ಯತ್ವ' ಅಂತ ಬರೆದೇ ಇತ್ತು. ಚಾರ್ಲಿ ಸಿಫರ್ಡ್ ಎಂಬ ಕಪ್ಪು ಆಟಗಾರ ವರ್ಷಗಟ್ಟಲೆ ಹೋರಾಡಿದ ಮೇಲೆ ಅದು ಹೋಯ್ತು. ಮಾಸ್ಟರ್ಸ್ ನಡೆಯೋ ಆಗಸ್ಟಾ ಕ್ಲಬ್ಬಿನಲ್ಲಿ 1982ರವರೆಗೆ ಆಟಗಾರ ಯಾರೇ ಇರಲಿ, ಬ್ಯಾಗ್ ಹೊರೋರು ಕ್ಲಬ್ಬಿನ ಕಪ್ಪು ಕ್ಯಾಡಿಗಳೇ. 1983ರಿಂದ ಆಟಗಾರರು ತಮ್ಮ ಕ್ಯಾಡಿಯನ್ನ ತಾವೇ ತರಬಹುದು ಅಂತಾಯ್ತು. ಅಷ್ಟರಲ್ಲಿ ಗಾಲ್ಫಿನಲ್ಲಿ ದುಡ್ಡು ಬೆಳೆದಿತ್ತು, ಬ್ಯಾಗ್ ಹೊರೋದೂ ಲಾಭದ ಕೆಲಸ ಆಗಿತ್ತು. ತಲೆಮಾರುಗಳಿಂದ ಹೊತ್ತವರು ಬಹುಪಾಲು ಹೊರಗಾದರು. ಆ ಕ್ಲಬ್ಬು ಮೊದಲ ಕಪ್ಪು ಸದಸ್ಯನನ್ನ ಸೇರಿಸಿಕೊಂಡಿದ್ದು 1990ರಲ್ಲಿ. ಬ್ಯಾಗ್ ಹೊರಲು ಬೇಕು, ಪಕ್ಕದ ಕುರ್ಚಿಗೆ ಬೇಡ. ಹೋಟೆಲಿನ ಬೇರೆ ಲೋಟ ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ, ನನ್ನ ಅಳಿಯನಿಗೆ ಇದನ್ನೇ ಹೇಳಿದೆ. ಟೂರ್ನಿಯಲ್ಲಿ ಕ್ಯಾಡಿಗಳು ಅಂಗಿ ಮೇಲೆ ಒಂದು ಮೇಲಂಗಿ ಹಾಕ್ತಾರೆ, ಅದರ ಮೇಲೆ ಪ್ರಾಯೋಜಕ ಕಂಪನಿಯ ಹೆಸರು. 2015ರಲ್ಲಿ ಅಮೆರಿಕದ 160ಕ್ಕೂ ಹೆಚ್ಚು ಕ್ಯಾಡಿಗಳು ಪಿಜಿಎ ಟೂರ್ ಮೇಲೆ ಕೇಸು ಹಾಕಿದರು: 'ನಮ್ಮ ಮೈಯನ್ನ ಜಾಹೀರಾತು ಬೋರ್ಡ್ ಮಾಡಿದೀರಿ, ಅದರ ದುಡ್ಡಲ್ಲಿ ನಮಗೆ ಪಾಲಿಲ್ಲ' ಅಂತ. ಸೋತರು. ಹಾಕ್ಕೊಳ್ಳೋಕೆ ನೀವೇ ಒಪ್ಪಿದ್ದೀರಿ ಅಂತು ಕೋರ್ಟು. 2018ರಲ್ಲಿ ಮೇಲಿನ ಕೋರ್ಟೂ ಮುಖ್ಯ ಬೇಡಿಕೆಯನ್ನ ತಳ್ಳಿಹಾಕಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ದೂ ಅದೇ ಮೇಲಂಗಿ ಮಾವ" ಅಂದ.

ಈಗ ತೋಟಕ್ಕೆ ಬರ್ತೀನಿ. ನಾನು ಚಿಕ್ಕವನಿದ್ದಾಗ ಒಂದು ವರ್ಷ ನಮ್ಮ ಪಕ್ಕದ ಎರಡು ತೋಟದವರಿಗೆ ಜಿದ್ದು ಬಿತ್ತು. ಹಣ್ಣು ಕುಯ್ಯೋ ಕಾಲ, ಆಳು ಸಿಗ್ತಿಲ್ಲ. ಒಬ್ಬರು ಕಿಲೋಗೆ ಸ್ವಲ್ಪ ಏರಿಸಿದರು, ಇನ್ನೊಬ್ಬರು ಇನ್ನೂ ಸ್ವಲ್ಪ ಏರಿಸಿ ಮನೆ ಬಾಗಿಲಿಗೆ ಜೀಪ್ ಕಳಿಸಿದರು. ಆ ವರ್ಷ ನಮ್ಮವ್ವ ನಮಗೆಲ್ಲ ಹೊಸ ಬಟ್ಟೆ ತಂದಳು. ಮುಂದಿನ ವರ್ಷ ಸಾಹುಕಾರ್ರೆಲ್ಲ ಕೂತು ಮಾತಾಡಿ, ಈ ಕಡೆಯ ತೋಟಗಳಿಗೆಲ್ಲ ಒಂದೇ ರೇಟು ಅಂತ ಮಾಡ್ಕೊಂಡರು. ಜೀಪೂ ನಿಂತಿತು. ಅವರ ಜಗಳದಲ್ಲಿ ಬಂದ ಐವತ್ತು ಪೈಸೆ ಅವರ ರಾಜಿಯಲ್ಲಿ ವಾಪಸ್ ಹೋಯ್ತು.

ಲೀಗುಗಳ ವಿಷಯವೂ ಇಷ್ಟೇ. ಲಿವ್ ಬಂದ ಮೇಲೆ ಪಿಜಿಎ ಟೂರ್ ತನ್ನ ದೊಡ್ಡ ಟೂರ್ನಿಗಳ ಬಹುಮಾನವನ್ನ 2 ಕೋಟಿ ಡಾಲರಿಗೆ ಏರಿಸಿತು. ಅದು ಪೈಪೋಟಿಯ ಫಲ. ಇಬ್ಬರೂ ಒಂದಾದ ದಿನ ಏರಿಸೋ ದರ್ದು ಯಾರಿಗೂ ಇರಲ್ಲ. ಅದಕ್ಕೇ ನಾನು ಅಳಿಯನಿಗೆ ಹೇಳಿದ್ದು, ಕೇಳೋದಿದ್ದರೆ ಈಗ ಕೇಳಿ, ಅವರು ಕಿತ್ತಾಡ್ತಿರುವಾಗಲೇ.

ನಮ್ಮಲ್ಲಿ 2006ರಲ್ಲಿ ಹುಟ್ಟಿದ ಪಿಜಿಟಿಐ ಇದೆ, ಈಗ ಕಪಿಲ್ ದೇವ್ ಅದರ ಅಧ್ಯಕ್ಷರು. 2025ರಲ್ಲಿ ಅದಕ್ಕೆ ಎದುರಾಗಿ ಐಜಿಪಿಎಲ್ ಬಂತು, ಯುವರಾಜ್ ಸಿಂಗ್ ಅದರ ಮುಖ. ಗಂಡಸರು ಹೆಂಗಸರು ಒಂದೇ ಟೂರ್ನಿಯಲ್ಲಿ ಆಡ್ತಾರೆ, ಅದು ನನಗೆ ಇಷ್ಟವಾಯ್ತು. ಅಲ್ಲಿ ಆಡಿದವರು ಇಲ್ಲಿಲ್ಲ ಅನ್ನೋ ಜಗಳ ಇಲ್ಲೂ ಶುರುವಾಯ್ತು. ಎರಡೂ ಕಡೆಯವರು 'ಆಟ ಬೆಳೆಸ್ತೀವಿ' ಅಂತಾರೆ. ಆಟ ಬೆಳೆಸಿದವರಲ್ಲಿ ಕ್ಯಾಡಿಗಳೂ ಇದ್ದಾರೆ ಸ್ವಾಮಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. ಚಿಕ್ಕರಂಗಪ್ಪ ಬಿಡದಿ ಹತ್ತಿರದ ಹಳ್ಳಿ ಹುಡುಗ, ಪಕ್ಕದ ಗಾಲ್ಫ್ ಕೋರ್ಸ್‌ನಲ್ಲೇ ಆಟ ಕಲಿತವರು. ಇಂಥ ಒಂದೆರಡು ಹೆಸರು ತೋರಿಸಿ 'ನೋಡಿ, ಪ್ರತಿಭೆ ಇದ್ರೆ ಯಾರು ಬೇಕಾದ್ರೂ ಬರಬಹುದು' ಅಂತಾರೆ. ಉಳಿದ ನೂರಾರು ಹುಡುಗರಿಗೆ ಅದೇ ಹುಲ್ಲಿನ ಮೇಲೆ ಅಭ್ಯಾಸ ಮಾಡೋಕೆ ವಾರಕ್ಕೆ ಎಷ್ಟು ಗಂಟೆ ಬಿಡ್ತೀರಿ, ಅದನ್ನ ಹೇಳಿ.

ಒಂದಾಗೋದರ ಬಗ್ಗೆ ಪಾಠ ಮಾಡೋಕೆ ನೀನ್ಯಾರು, ನಿಮ್ಮ ಸಂಘರ್ಷ ಸಮಿತಿ ಎಷ್ಟು ಹೋಳಾಯ್ತು ಅಂತ ಕೇಳೋರಿದ್ದೀರಿ. ಸರಿ, ಒಪ್ತೀನಿ. ಬಿ. ಕೃಷ್ಣಪ್ಪನವರು ಕಟ್ಟಿದ್ದನ್ನ ನಾವು ಬಣ ಬಣ ಮಾಡಿಕೊಂಡೆವು. 2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಬಣಗಳೆಲ್ಲ ಒಂದೇ ವೇದಿಕೆಗೆ ಬಂದಾಗ ಎಷ್ಟೋ ಹಿರಿಯರ ಕಣ್ಣಲ್ಲಿ ನೀರಿತ್ತು. ಆ ಒಂದಾಗೋದು ಕೇರಿಯವರು ಬೈದು ಬೈದು ಮಾಡಿಸಿದ್ದು. ಗಾಲ್ಫಿನ ರಾಜಿ ನಾಲ್ಕು ಜನ ಬಾಗಿಲು ಹಾಕ್ಕೊಂಡು ಮಾಡಿದ್ದು. ವ್ಯತ್ಯಾಸ ಇದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಯಾವ ಲೀಗ್ ಆಗಲಿ, ಟೂರ್ನಿಗೆ ಬರೋ ಕ್ಯಾಡಿಗೆ ಅಪಘಾತ ವಿಮೆ, ಆಟ ನಿಂತ ದಿನಕ್ಕೂ ಕೂಲಿ, ಮೇಲಂಗಿ ಜಾಹೀರಾತಿನ ದುಡ್ಡಲ್ಲಿ ಪಾಲು, ಇಷ್ಟನ್ನ ಒಪ್ಪಂದದಲ್ಲೇ ಬರೀರಿ. ಹುಲ್ಲು ಕತ್ತರಿಸೋ ಹೆಣ್ಣಾಳುಗಳನ್ನೂ ಅದರಲ್ಲಿ ಸೇರಿಸಿ.

ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನ ಗಾಲ್ಫ್ ಕೋರ್ಸ್‌ಗಳಲ್ಲಿ ಕೆಲಸ ಮಾಡೋ ನಮ್ಮ ಹುಡುಗರು ನಿಮಗೆ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಬರೋಕೆ ಹೇಳಿ. ಹೆಸರು ಹೊರಗೆ ಬಿಡಲ್ಲ. ಅಳಿಯ ಈಗಾಗಲೇ ಹನ್ನೊಂದು ಜನರ ನಂಬರ್ ಕೊಟ್ಟಿದಾನೆ. ಸೋಮವಾರ ಕೋರ್ಸ್‌ಗೆ ರಜೆ, ಅವತ್ತು ಸೇರೋಣ ಅಂದಿದಾರೆ.

ಜೈ ಭೀಮ್.