ಕಿರಿಯರೊಡನೆ ನಾಲ್ಕು ಮಾತು: ಈ ಸಲದ ಶಾಲು ಯಾರಿಗೆ?



ಡೊಂಬಿವಲಿ, ಕಲ್ಯಾಣ, ಪನವೇಲ ಕಡೆಯ ವೃದ್ಧಾಶ್ರಮಗಳಿಗೆ ನಾವು ಹೋಗುವುದುಂಟು. ಹಣ್ಣು ಹಂಚುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ, ಸಂಜೆಯ ಲೋಕಲ್ ಹಿಡಿದು ಮರಳುತ್ತೇವೆ. ಆಮೇಲೆ ಅಜ್ಜಿಯ ಒದ್ದೆ ಬಟ್ಟೆ ಬದಲಿಸುವವರು ಯಾರು? ಬೆನ್ನು ಹುಣ್ಣಾಗದಂತೆ ರಾತ್ರಿಯಿಡೀ ಮಗ್ಗುಲು ತಿರುಗಿಸುವವರು ಯಾರು? ಅಲ್ಲಿನ ‘ಮಾವಶಿ’.

ನರ್ಸುಗಳಿಗೆ 1973ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯಿದೆ. ಹಿರಿಯ ನಾಗರಿಕರ 2007ರ ಕಾಯಿದೆ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಮಂದಿಗೆ ಸ್ಥಳ ಎನ್ನುತ್ತದೆ. ಕಾಯಿದೆ ಕಟ್ಟಡ ಕೊಡಬಹುದು. ನಡುರಾತ್ರಿ ಕರೆದಾಗ ಎದ್ದು ಬರುವ ಮನಸ್ಸನ್ನು ಕೊಡಲಾರದು.

ಇನ್ನೊಂದು ಮಾತು. ಮರೆವಿನ ಕಾಯಿಲೆ ಬಂದ ಹಿರಿಯರಲ್ಲಿ ಅನೇಕರು ಆಮೇಲೆ ಕಲಿತ ಹಿಂದಿ, ಮರಾಠಿಗಳನ್ನು ಕಳೆದುಕೊಂಡು ತಾಯ್ನುಡಿಗೇ ಮರಳುತ್ತಾರೆ. ‘ನೀರು’, ‘ನೋವು’, ‘ಚಳಿ’ ಎಂದರೆ ಮರಾಠಿ ಮಾವಶಿಗೆ ಹೇಗೆ ತಿಳಿಯಬೇಕು? ಮುಖ ನೋಡಿಯೇ ಆಕೆ ಅರ್ಥಮಾಡಿಕೊಳ್ಳಬೇಕು. ಇಲ್ಲಿ ನೀವು ನೆರವಾಗಬಲ್ಲಿರಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತವರು ನೀವು. ಇಂಥ ಇಪ್ಪತ್ತು ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಅರ್ಥ ಹೇಳಿ, ಆಕೆಯ ಕೈಗೆ ಕೊಡಿ.

ಅಕ್ಟೋಬರ್ 1 ವಿಶ್ವ ಹಿರಿಯರ ದಿನ. 1990ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಅಂದಿನ ನಮ್ಮ ವೇದಿಕೆಗೆ ದಾನಿಗಳ ಜೊತೆ ಒಬ್ಬ ಮಾವಶಿಯನ್ನೂ ಕರೆಯೋಣ. ಮೊದಲು ಆಕೆಯ ಪಾಳಿಯ ವೇಳೆ ಕೇಳಿಕೊಳ್ಳಿ. ಸನ್ಮಾನಕ್ಕಾಗಿ ಒಂದು ದಿನದ ಕೂಲಿ ತಪ್ಪಬಾರದು. ಹಾಗೆಯೇ ಆಕೆಯ ಹೆಸರನ್ನೂ ಕೇಳಿ. ‘ಮಾವಶಿ’ ಎಂಬುದು ಕರೆಯುವ ಮಾತು, ಹೆಸರಲ್ಲ.