ಹೊಂಗೆ ಎಲೆಗೆ ಕಡ್ಡಿ ಗೀರಬೇಡಿ

ನಮ್ಮ ಬೀದಿಯ ಅಕ್ಕಪಕ್ಕದವರಲ್ಲಿ ಒಂದು ವಿನಂತಿ.

ಶಿವರಾತ್ರಿ ಹತ್ತಿರವಾಯಿತೆಂದರೆ ಬೆಂಗಳೂರಿನ ಹೊಂಗೆ ಮರಗಳು ಎಲೆ ಉದುರಿಸತೊಡಗುತ್ತವೆ. ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಹಳದಿ. ಬೇಸರ ಬರುತ್ತದೆ, ನಿಜ. ಸಂಜೆ ಯಾರೋ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಹೊಗೆ ನೇರ ಉಬ್ಬಸದ ಅಜ್ಜಿಯಿರುವ ಎದುರುಮನೆಗೆ. ಬೀದಿಯಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದವು. ಆದರೆ ಕಾನೂನು ಒಪ್ಪಿಸಲು ನಾನು ಇದನ್ನು ಬರೆಯುತ್ತಿಲ್ಲ. ಎಲೆ ಸುಟ್ಟ ಮನೆಯವರೇ ಮರುವಾರ ಗುಲಾಬಿ ಕುಂಡಕ್ಕೆಂದು ನರ್ಸರಿಯಿಂದ ಎರೆಗೊಬ್ಬರದ ಚೀಲ ಹೊತ್ತು ತರುತ್ತಾರಲ್ಲ, ನನ್ನ ಸಂಕಟ ಅದು. ನಾನೂ ಹಾಗೆ ತಂದವಳೇ.

ನನ್ನ ಕಣ್ಣು ತೆರೆಸಿದ್ದು ಸೋಮಾರಿತನ. ಒಂದು ವರ್ಷ ಗುಡಿಸಿದ ಎಲೆಯನ್ನು ನುಗ್ಗೆ ಮರದ ಬುಡಕ್ಕೆ ತಳ್ಳಿ ಮರೆತೆ. ಮಳೆಗಾಲ ಮುಗಿದ ಮೇಲೆ ಕೈಯಿಂದ ಸರಿಸಿ ನೋಡಿದರೆ, ಮೇಲಿನ ಎಲೆ ಇನ್ನೂ ಗರಿಗರಿ. ಅದರ ಕೆಳಗೆ ಬಿಳಿ ಬೂಷ್ಟಿನ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡ ಒದ್ದೆ ಎಲೆಗಳು, ಕೆಲವಂತೂ ಬರೀ ನರ ಉಳಿದು ಜಾಲರಿಯಂತಾಗಿದ್ದವು. ಇನ್ನೂ ಕೆಳಗೆ ರಾಗಿ ಕಾಳಿನಂಥ ಕಪ್ಪು ಹರಳುಗಳ ಸಣ್ಣ ಗುಪ್ಪೆಗಳು. ಎರೆಹುಳದ ಹಿಕ್ಕೆ! ಅದರ ಒಡೆಯ ಬೆಳಕು ಬಿದ್ದದ್ದೇ ತಡ, ಮಣ್ಣೊಳಗೆ ಜಾರಿಕೊಂಡ.

ಎರೆಹುಳಕ್ಕೆ ಕಣ್ಣಿಲ್ಲ, ಹಲ್ಲಿಲ್ಲ. ಬೂಷ್ಟು, ಸೂಕ್ಷ್ಮಜೀವಿಗಳು ಮೆತ್ತಗೆ ಮಾಡಿಕೊಟ್ಟ ಎಲೆಯನ್ನು ಮಣ್ಣಿನ ಜೊತೆ ನುಂಗುತ್ತದೆ. ಹೊಟ್ಟೆಯಲ್ಲಿ ಮರಳಿನ ಕಣಗಳೇ ಬೀಸುಕಲ್ಲು. ಹೊರಬಿದ್ದ ಹಿಕ್ಕೆಯಲ್ಲಿ ಸಾರಜನಕ, ರಂಜಕಗಳು ಬೇರು ಹೀರಿಕೊಳ್ಳುವ ರೂಪದಲ್ಲಿ ಸಿಗುತ್ತವೆ. ಅದು ಓಡಾಡಿದ ಬಿಲಗಳಲ್ಲಿ ಮಳೆನೀರು ಇಂಗುತ್ತದೆ. ಇಂಗ್ಲೆಂಡಿನ ಹಲವೆಡೆ ಈ ಹುಳಗಳು ಎಕರೆಗೆ ವರ್ಷಕ್ಕೆ 10 ಟನ್‌ಗೂ ಹೆಚ್ಚು ಮಣ್ಣನ್ನು ಮೇಲಕ್ಕೆ ತರುತ್ತವೆಂದು ಡಾರ್ವಿನ್ 1881ರಲ್ಲೇ ಬರೆದಿದ್ದ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಡಾರ್ವಿನ್ ಬೇಕಿರಲಿಲ್ಲ. ಬೇಸಿಗೆಯಲ್ಲಿ ದರಕು ಗುಡಿಸಿ, ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ಮರದ ಬುಡಕ್ಕೆ ಹಾಕುವುದು ಅಲ್ಲಿ ತಲೆಮಾರುಗಳಿಂದ ನಡೆದುಬಂದದ್ದು.

ಈ ಹುಳ ಉಸಿರಾಡುವುದು ಚರ್ಮದ ಮೂಲಕ. ಚರ್ಮ ಒಣಗಿದರೆ ಸತ್ತಿತು. ಆದ್ದರಿಂದಲೇ ಕೇಳುತ್ತಿದ್ದೇನೆ: ಗಿಡದ ಬುಡವನ್ನು ಬೋಳಾಗಿ ಗುಡಿಸಬೇಡಿ, ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ ಆಗಾಗ ನೀರು ಚಿಮುಕಿಸಿ. ಎಲೆಯನ್ನು ಮಣ್ಣಿನೊಳಗೆ ಹೂಳಬೇಡಿ, ಕೊಳೆಯುವಾಗ ಅದೇ ಗಿಡದ ಸಾರಜನಕಕ್ಕೆ ಕೈ ಹಾಕುತ್ತದೆ. ಮೇಲೆ ಹಾಸಿದರೆ ಸಾಕು. ಪದೇ ಪದೇ ಗುದ್ದಲಿ ಹಾಕಿ ಕೆದಕುವುದೂ ಬೇಡ. ತುಂಡಾದ ಹುಳ ಎರಡು ಹುಳವಾಗುತ್ತದೆಂಬುದು ಬರೀ ಕಟ್ಟುಕತೆ. ಫ್ಲ್ಯಾಟಿನವರು ತೂತು ಕೊರೆದ ಹಳೆಯ ಬಕೆಟ್ಟಿನಲ್ಲಿ ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಮೂರು ಹಿಡಿ ಒಣ ಎಲೆ ಸೇರಿಸುತ್ತ ಹೋಗಿ. ಎಣ್ಣೆ, ಉಪ್ಪು ಬಿದ್ದ ಅಡುಗೆ ಮಾತ್ರ ಹಾಕಬೇಡಿ. ಇನ್ನು, ಮನೆ ಮುಂದೆ ಸಿಮೆಂಟ್ ಹಾಕಿಸುವವರು ಮರದ ಸುತ್ತ ಎರಡಡಿಯಾದರೂ ಮಣ್ಣು ಬಿಡಿ.

ಅಷ್ಟೂ ಆಗದಿದ್ದರೆ ಚೀಲಕ್ಕೆ ತುಂಬಿ ನಮ್ಮ ಮನೆಗೆ ತನ್ನಿ. ನುಗ್ಗೆ ಮರದ ಕೆಳಗೆ ಇನ್ನೂ ಜಾಗವಿದೆ. ಪ್ಲಾಸ್ಟಿಕ್ ಚೀಲ ಮಾತ್ರ ನೀವೇ ವಾಪಸ್ ಒಯ್ಯಬೇಕು.